ಹುಲ್ಲುಬಂಡಿಯ ಕೊಂಡಿ

ಅತ್ತಿಗೆ ಕಣ್ಸನ್ನೆ ಮಾಡುವಷ್ಟರಲ್ಲಿ ಮೈದುನನ ಬಾಯಿಂದ ಮಾತು ಜಾರಿಬಿಟ್ಟಿತ್ತು. "ಹೋದ ವಾರ ಇಂಜಿನ್ ಕೆಟ್ಟು ನಿಂತಾಗ ಜಲ್ಲಿ ತುಂಬಿದ ಎರಡು ವ್ಯಾಗನ್ ಎಳ್ಕೊಂಡು ಬಂದಿದ್ದು ಇದೇ ಬಂಡಿ, ಸರ್. ನಮ್ಮತ್ತಿಗೆ ಅಂದ್ರೆ ಸುಮ್ನೆನಾ?"

ರೈಲ್ವೆ ಇನ್ಸ್‌ಪೆಕ್ಟರ್ ಸಾಹೇಬರು ತಕ್ಷಣ ಬಂಡಿಯ ಹಿಂದೆ ಹೋಗಿ, ವ್ಯಾಗನ್ ಸಿಕ್ಕಿಸುವ ಕೊಂಡಿಯ ಎದುರು ಕುಕ್ಕರಗಾಲಲ್ಲಿ ಕೂತರು. ಹಳಿಯ ಮೇಲೆ ಓಡುತ್ತ ಪಕ್ಕದ ಹುಲ್ಲು ಕತ್ತರಿಸುವ, ಅತ್ತಿಗೆ ಓಡಿಸುವ ಈ ಹಳದಿ ಬಂಡಿ ಬರೀ ಯಂತ್ರವೋ ಇಂಜಿನ್ನೋ ಎಂದು ತೀರ್ಮಾನಿಸುವುದಕ್ಕೇ ಅವರು ಬಂದಿದ್ದು. ಬೆಳಗಿನಿಂದ ಎಲ್ಲ ಸಲೀಸಾಗಿ ನಡೆದಿತ್ತು. ಈ ಮಹಾರಾಯನಿಗೆ ಹೊಗಳುವುದಕ್ಕೆ ಬೇರೆ ಹೊತ್ತು ಸಿಗಲಿಲ್ಲ.

ಪಾಪ, ಅವನ ಲೆಕ್ಕ ಬೇರೆ. ಅವನ ಅಣ್ಣ ಇಂಜಿನ್ ಡ್ರೈವರ್. ಊಟಕ್ಕೆ ಕೂತಾಗಲೆಲ್ಲ ಹೆಂಡತಿಯ ಬಂಡಿಯನ್ನು ಕ್ಷೌರದ ಮೆಷಿನ್ ಎಂದು ಚುಡಾಯಿಸುತ್ತಿದ್ದ. ಅತ್ತಿಗೆಯೂ ಇಂಜಿನ್ ಡ್ರೈವರ್ ಅನ್ನಿಸಿಕೊಂಡರೆ ಅಣ್ಣನ ಬಾಯಿಗೆ ಬೀಗ ಬೀಳುತ್ತದೆ ಎಂಬುದು ಮೈದುನನ ಆಸೆ.

ಸಾಹೇಬರು ಎದ್ದು ಕೈ ಒರೆಸಿಕೊಂಡರು. ವ್ಯಾಗನ್ ಎಳೆದರೆ ಅದು ಇಂಜಿನ್ನೇ, ಅದರಲ್ಲಿ ಎರಡು ಮಾತಿಲ್ಲ ಎಂದರು. ಇಂಜಿನ್ ಎಂದಾದ ಮೇಲೆ ಅದನ್ನು ಓಡಿಸಲು ಡ್ರೈವರ್ ಪರೀಕ್ಷೆ ಪಾಸಾಗಬೇಕು, ಅಲ್ಲಿಯವರೆಗೆ ಆ ಸೀಟಿನಲ್ಲಿ ಬೇರೆಯವರು ಕೂರುತ್ತಾರೆ. ಪಾಸಾದ ಮೇಲೂ ಹುಲ್ಲಿನ ಕೆಲಸ ಅಷ್ಟಕ್ಕಷ್ಟೇ, ವ್ಯಾಗನ್ ಎಳೆಯುವುದೇ ಹೆಚ್ಚು. ಕೊಂಡಿ ಬಿಚ್ಚಿಟ್ಟರೆ ಮಾತ್ರ ಯಂತ್ರ ಯಂತ್ರವಾಗಿಯೇ ಉಳಿಯುತ್ತದೆ. ಪಕ್ಕದಲ್ಲೇ ನಿಂತಿದ್ದ ಯಾರ್ಡಿನ ಮೇಲ್ವಿಚಾರಕರು, ಬಂಡಿ ಓಡಿಸುವವರು ಅವರು, ಅವರನ್ನೇ ಕೇಳಿ ಎಂದು ಅತ್ತಿಗೆಯ ಕಡೆ ಕೈ ತೋರಿಸಿದರು.

ಮೈದುನನ ಮುಖ ಬಾಡಿಹೋಗಿತ್ತು. ಆದರೂ ಹತ್ತಿರ ಬಂದು, ಪರೀಕ್ಷೆ ನಿಮಗೇನು ಮಹಾ, ಬರೆದುಬಿಡಿ ಎಂದು ಪಿಸುಗುಟ್ಟಿದ.

ಅತ್ತಿಗೆಗೆ ಆಸೆಯೇ ಇರಲಿಲ್ಲ ಎಂದಲ್ಲ. ಅವತ್ತು ಎರಡು ವ್ಯಾಗನ್ನಿನ ಭಾರ ಬೆನ್ನಿಗೆ ಬಂದಾಗ ಎದೆ ಉಬ್ಬಿದ್ದು ನಿಜ. ಅವಳು ಸೀಟನ್ನೊಮ್ಮೆ ನೋಡಿದಳು, ಹಳಿಯ ಪಕ್ಕ ಸೊಂಟದೆತ್ತರ ನಿಂತ ಹುಲ್ಲನ್ನೂ ನೋಡಿದಳು.

"ಅವತ್ತು ದಾರಿಯುದ್ದಕ್ಕೂ ಹಿಂದೆ ಏನಾಯ್ತೋ ಅಂತ ಕತ್ತು ತಿರುಗಿಸಿ ತಿರುಗಿಸಿ ಸಾಕಾಯ್ತು ಕಣೋ," ಎಂದಳು. "ನನಗೆ ಮುಂದೆ ನೋಡ್ಕೊಂಡು ಹೋಗೋದೇ ಇಷ್ಟ. ನಿಮ್ಮಣ್ಣ ಕ್ಷೌರ ಅಂದ್ರೆ ಅನ್ಲಿ ಬಿಡು."

ಸ್ಪ್ಯಾನರ್ ಅವಳೇ ತಂದಳು. ಬೋಲ್ಟುಗಳಿಗೆ ತುಕ್ಕು ಹಿಡಿದಿತ್ತು. ಮೈದುನ ಡೊಳ್ಳು ಹೊಟ್ಟೆ ಹೊತ್ತುಕೊಂಡು ಬಂಡಿಯ ಕೆಳಗೆ ನುಸುಳಿದ, ಏದುಸಿರು ಬಿಡುತ್ತ ಬಿಚ್ಚಿದ. ಕೊಂಡಿ ಜಲ್ಲಿಯ ಮೇಲೆ ದೊಪ್ಪೆಂದು ಬಿತ್ತು. ಅತ್ತಿಗೆಗೆ ಹಗುರವೆನ್ನಿಸಿತು, ಖುಷಿಯೂ ಆಯಿತು.

ಬಂಡಿ ಹೊರಟಿತು. ಕತ್ತರಿಸಿ ಬಿದ್ದ ಹುಲ್ಲಿನಿಂದ ಹುಳುಗಳು ಎದ್ದವು. ಎಲ್ಲಿದ್ದವೋ ಏನೋ, ಬೆಳ್ಳಕ್ಕಿಗಳು ಒಂದೊಂದಾಗಿ ಇಳಿದು, ಸಾಲುಗಟ್ಟಿ ಬಂಡಿಯ ಹಿಂದೆ ನಡೆಯತೊಡಗಿದವು. ಕೊನೆಯ ಹಕ್ಕಿ ತಿರುವಿನಲ್ಲಿ ಮರೆಯಾಗುವವರೆಗೂ ಇನ್ಸ್‌ಪೆಕ್ಟರ್ ಸಾಹೇಬರು ಅಲ್ಲೇ ನಿಂತು ನೋಡಿದರು.