ಇದ್ವಾಲನ ಹಿತ್ತಲ ಗೋಡೆ

ನಮ್ಮೂರಿಗೆ ಕೋಟೆಗೋಡೆ ಕಟ್ಟಿಕೊಳ್ಳಲು ಏಳುನೂರು ವರ್ಷದ ಹಿಂದೆ ಇಂಗ್ಲಿಷ್ ದೊರೆ ಅಪ್ಪಣೆ ಕೊಟ್ಟಿದ್ದ. ಸಂತೆಗೆ ಬರುವ ಉಣ್ಣೆಮೂಟೆಗಳ ಮೇಲೆ ಸುಂಕ ಎತ್ತಿ ಕಟ್ಟಬೇಕು. ಒಳಗೆ ಇಂಗ್ಲಿಷರು, ಹೊರಗೆ ಈ ನೆಲದವರೇ ಆದ ವೆಲ್ಷರು ನಾವು. ನಮ್ಮನ್ನು ಹೊರಗಿಡುವ ಗೋಡೆಗೆ ನಮ್ಮದೇ ಸುಂಕ. ಅಪ್ಪಣೆಪತ್ರ ಉಳಿದಿದೆ. ಗೋಡೆ ಮಾತ್ರ ಒಂದು ಗೇಣೂ ಯಾರಿಗೂ ಸಿಕ್ಕಿಲ್ಲ.

ಅದು ತನ್ನ ಹಿತ್ತಲಲ್ಲೇ ಹಾದುಹೋಗಿದೆ ಎಂದು ಸ್ಲೇಟುಗಣಿಯಲ್ಲಿ ಕಲ್ಲು ಸೀಳುವ ಇದ್ವಾಲ್ ಮೂವತ್ತು ವರ್ಷ ವಾದಿಸಿದ.

"ಸಿಕ್ರೆ ಏನ್ ಮಾಡ್ತೀಯೋ?" ಎಂದು ಪಬ್ಬಿನಲ್ಲಿ ಕೆಣಕುತ್ತಿದ್ದೆವು.

"ಮೇಲೆ ಕೂತು ಬುತ್ತಿ ತಿಂತೀನಿ. ನಮ್ಮಜ್ಜಂದಿರ್ನ ಹೊರಗಿಟ್ಟ ಗೋಡೆ, ನನ್ ಕುಂಡಿ ಕೆಳಗಿರ್ಲಿ."

ನಗುತ್ತಿದ್ದೆವು. ಪಕ್ಕದ ಮನೆಯವನಾದ ನಾನೇ ಜೋರಾಗಿ.

ಸಾಯುವ ವರ್ಷ ಅವನಿಗೆ ಹಿತ್ತಲಲ್ಲಿ ಕಲ್ಲಿನ ಸಾಲೊಂದು ಸಿಕ್ಕಿತು. ಅದರ ಮೇಲೆ ಕೂತು ಬ್ರೆಡ್ಡು, ಚೀಸು ತಿಂದ. ಆಮೇಲೆ ತಾನೇ ಮಣ್ಣು ಮುಚ್ಚಿದ.

ಹಳೆಯ ಊರುಗಳನ್ನು ಅಗೆದು ನೋಡುವ ಕೆಲಸದ ನೆಸ್ಟ್ ಎಂಬ ಹುಡುಗಿ ಆ ಹಿತ್ತಲಿಗೆ ಬಂದದ್ದು ಅವನು ಸತ್ತು ಹನ್ನೊಂದು ವರ್ಷದ ಮೇಲೆ. ನಾನು ಮಣ್ಣಿನ ಬಕೆಟ್ಟು ಹೊತ್ತೆ. ಮೂರನೇ ದಿನ ಆ ಕಲ್ಲುಗಳು ಕಂಡವು. ಇದ್ವಾಲನ ಹೆಂಡತಿ ಮೊರ್ವಿದ್ ಟೀ ತಂದವಳು ಗುಂಡಿಯ ಅಂಚಿನಲ್ಲೇ ನಿಂತಳು.

"ನಿಮ್ಮ ಯಜಮಾನ್ರು ಹೇಳಿದ್ದು ಇದೇನಾ?" ಎಂದು ನೆಸ್ಟ್ ಕೇಳಿದಳು.

ಒಂದು 'ಹೂಂ' ಸಾಕಿತ್ತು, ಇದ್ವಾಲನ ಹೆಸರು ಊರಿನ ಚರಿತ್ರೆಗೆ ಸೇರುತ್ತಿತ್ತು. ಊರಿನ ನಗು ನಿಲ್ಲುತ್ತಿತ್ತು.

"ಬರ್ಕೋಬೇಡ ಮಗಳೇ," ಎಂದಳು ಮೊರ್ವಿದ್. "ಇಟ್ಟಿದ್ದು ನಾನು. ಅವನು ಆಸ್ಪತ್ರೇಲಿದ್ದ. ಇನ್ನೊಂದ್ ಬೇಸಿಗೆ ಅಷ್ಟೇ ಅಂದಿದ್ರು ಡಾಕ್ಟ್ರು. ಪ್ರಾರ್ಥನಾಮಂದಿರ ಕೆಡವ್ತಿದ್ರಲ್ಲ, ಮಕ್ಕಳ ತಳ್ಳುಗಾಡೀಲಿ ಅಲ್ಲಿಂದ ಕಲ್ಲು ತಂದು ಹೂತೆ. ಕೇಳ್ದೋರಿಗೆ ಈರುಳ್ಳಿ ಪಾತಿಗೆ ಅಂದೆ."

ಕೇಳಿದವನು ನಾನೇ. ಎರಡು ಕಲ್ಲು ಗಾಡಿಗೆ ಎತ್ತಿಯೂ ಕೊಟ್ಟಿದ್ದೆ.

"ಮೂರನೇ ಕಲ್ಲಿಗೆ ಈ ಕಾಲದ ಸಿಮೆಂಟು ಅಂಟಿದೆ," ಎಂದಳು ನೆಸ್ಟ್ ಮೆಲ್ಲಗೆ. "ಬೆಳಗ್ಗೇನೇ ನೋಡ್ದೆ. ನೀವೇ ಹೇಳ್ಲಿ ಅಂತ ಕಾದೆ."

"ಕಲ್ಲು ಸೀಳೋದ್ರಲ್ಲೇ ಮುದುಕನಾದೋನಿಗೆ ಸಿಮೆಂಟು ಕಾಣ್ಲಿಲ್ವಾ?" ಎಂದೆ ನಾನು, ಬಾಯಿ ತಡೆಯದೆ.

ಮೊರ್ವಿದ್ ತನ್ನ ಅಂಗೈಗಳನ್ನೇ ನೋಡಿಕೊಂಡಳು. "ಕಲ್ಲು ಸಿಕ್ಕಿದ ದಿನ ಸಂಜೆ ಏನೂ ಕೇಳ್ದೆ ನನ್ ಕೈಯ ಬೊಬ್ಬೆಗೆಲ್ಲ ಮುಲಾಮು ಹಚ್ಚಿದ," ಎಂದಳು.



ಆ ಕಲ್ಲುಗಳನ್ನು ತೆಗೆದು ನೆಸ್ಟ್ ಇನ್ನೂ ಮೊಳವೊಂದು ಅಗೆದಳು. ಗಟ್ಟಿಯಾಗಿ ಬಡಿದ ಜೇಡಿಮಣ್ಣಿನ ಏರಿ, ಅದರಲ್ಲಿ ನಾಲ್ಕಾರು ಹೊಳೆಗಲ್ಲು. ಗೋಡೆಯ ಬುಡವಿರಬಹುದು, ಹೊಳೆಯ ನೆರೆಗೆ ಹಾಕಿದ ಒಡ್ಡೂ ಇರಬಹುದು. 'ಖಚಿತವಿಲ್ಲ' ಎಂದು ಬರೆದಳು.

"ಇಲ್ಲ ಅಂತ ಬರೀಲಿಲ್ವಾ?" ಎಂದಳು ಮೊರ್ವಿದ್.

"ಹಾಗೆ ಬರೆಯೋಕೂ ಸಾಕ್ಷಿ ಬೇಕಲ್ಲ."

"ಸಾಕು ಬಿಡು. ಈ ಊರಿನೋರು ಸಾಕ್ಷಿ ಇಲ್ದೇನೇ ಮೂವತ್ತು ವರ್ಷ ಇಲ್ಲ ಅಂದ್ರು."

ಒಳಗೆ ಹೋಗಿ ಬ್ರೆಡ್ಡು, ಚೀಸು ತಂದಳು. ಮೂವರೂ ಗುಂಡಿಗಿಳಿದೆವು. ನಾನು ಏರಿಯ ಮೇಲೆ ಕೂರಲು ಹಿಂಜರಿದೆ.

"ಕೂತ್ಕೊಳೋ," ಎಂದಳು. "ಭಾರ ಬಿಟ್ಟು ಕೂತ್ಕೋ."

ಕೂತೆ.