ಎರಡು ಹಾಡಿನ ನಡುವೆ

ನಮ್ಮ ಕಡೆ ಮದುವೆ ಮನೆಯ ಮೈಕು ಒಮ್ಮೆಲೇ ನಿಂತರೆ ಜನ ಹೊಸ್ತಿಲಿಗೆ ಬಂದು, "ಯಾರ ಹೋದ್ರು?" ಎಂದು ಕೇಳುತ್ತಿದ್ದರು. ಊರಲ್ಲಿ ಸಾವಾದರೆ ಮೊದಲು ಮೈಕು ನಿಲ್ಲಿಸುವುದು ರೂಢಿ. ಸಾವಿರದ ಒಂಬೈನೂರ ಎಂಬತ್ಮೂರರ ಬೇಸಿಗೆಯಲ್ಲಿ ನನ್ನ ಹೆಂಡತಿ ರಾಮವ್ವ ಕಣ್ಣು ಮುಚ್ಚಿದಾಗ ನಮ್ಮೂರು ಕಮತಗಿಯಲ್ಲಿ ಹಿಂದಿನ ಓಣಿಯ ಮದುವೆ ಹಾಡು ನಡುವೆಯೇ ನಿಂತಿತು. ನಿಲ್ಲಿಸಿದವನು ಮೈಕಿನ ಅಹ್ಮದಸಾಬ, ನನ್ನ ಗೆಳೆಯ. ಡೊಳ್ಳು ಬಾರಿಸುತ್ತಿದ್ದ ನಾನು ಅಂದಿನಿಂದ ಅದನ್ನು ಮುಟ್ಟಲಿಲ್ಲ. ಬೀರಪ್ಪನ ಗುಡಿಗೆ ಹೋಗುತ್ತಿದ್ದೆ, ಭಂಡಾರ ಹಚ್ಚಿಕೊಳ್ಳುತ್ತಿದ್ದೆ, ಗೂಟಕ್ಕೆ ತೂಗುಹಾಕಿದ ಡೊಳ್ಳಿನ ಕಡೆ ನೋಡದೆ ಬರುತ್ತಿದ್ದೆ.

ಮರುವರ್ಷ ಅಹ್ಮದಸಾಬನ ಬಲಗೈಗೆ ಲಕ್ವ ಹೊಡೆಯಿತು. ಮೈಕಿನ ಕೆಲಸವನ್ನು ಮಗಳು ಕಾಸಿಂಬಿ ಹಿಡಿದಳು. ಹೆಣ್ಣುಮಗಳು ಮೈಕು ಹಚ್ಚುವುದನ್ನು ಸುತ್ತಿನಲ್ಲಿ ಯಾರೂ ಕಂಡಿರಲಿಲ್ಲ. ಪಕ್ಕದ ಶಿರೂರಿನ ಗುರಪ್ಪ ಮಾತ್ರ, "ನನ್ನ ಮಗಳ ಮದುವ್ಯಾಗ ಹಚ್ಚಲಿ, ನೋಡೂಣು. ಬರೋಬರಿ ಆಗಲಿಲ್ಲಂದ್ರ ಮುಂದಿನ ಮದುವಿಗೆಲ್ಲಾ ಬಾಗಲಕೋಟಿ ಮೈಕ್ ಸೆಟ್ ತರಸ್ತೀವಿ" ಎಂದಿದ್ದ. ಅವನ ಮಾತಿನಂತೆ ಉಳಿದವರು ನಡೆಯುತ್ತಿದ್ದರು.

ಒಂದು ಮುಂಜಾನೆ ಕಾಸಿಂಬಿ ನಮ್ಮ ಕಟ್ಟೆಗೆ ಬಂದಳು.

"ಕಾಕಾ, ನಾ ಹಾಡ ಹಚ್ಚೂದನ್ನ ಒಂದೀಟ ಕೇಳಿ ಹೇಳ್ರಿ. ಅಪ್ಪಾ ಎಲ್ಲಾದಕ್ಕೂ ಚಲೋ ಐತಿ ಅಂತಾನ."

"ನಾ ಡೊಳ್ಳಿನಾಂವ. ನಿನ್ನ ರಿಕಾರ್ಡ ನನಗೇನ ತಿಳೀತೈತಿ?"

"ಊರಾಗ ನಿಮ್ಮಂಗ ಮಾರಿ ಮ್ಯಾಲ ಖರೆ ಹೇಳಿ ಬೈಯವ್ರು ಯಾರೂ ಇಲ್ಲಂತ. ಅದಕ್ಕ ಬಂದೆ."

ಬಹಳ ದಿನದ ಮೇಲೆ ನನಗೆ ನಗು ಬಂತು. ಎದ್ದು ಹೋದೆ.

ಅವರ ಅಂಗಳದಲ್ಲಿ ರಿಕಾರ್ಡು ತಿರುಗಿಸುವ ಎರಡು ಯಂತ್ರಗಳಿದ್ದವು. ಒಂದೊಂದರ ದನಿ ಏರಿಸಿ ಇಳಿಸಲು ಒಂದೊಂದು ಗುಂಡಿ. ಮೊದಲ ಹಾಡು ಮುಗಿಯಿತು. ರಿಕಾರ್ಡಿನ ಮೇಲೆ ಮುಳ್ಳು ಕರಕರ ಎಂದಿತು. ಆಮೇಲೆ ಏನೂ ಇಲ್ಲ. ಆ ಬರಿದಿನಲ್ಲಿ ನನ್ನ ಕಣ್ಣು ತಾನಾಗಿ ಹೊಸ್ತಿಲ ಕಡೆ ಹೋಯಿತು. ಆಮೇಲೆ ಎರಡನೆಯ ಹಾಡು ಬಂತು.

"ಹೆಂಗಾತ್ರಿ?"

"ನಡುವ ಒಂದ ಹೆಣಾ ಹೋತು."

ಹೊರಸಿನ ಮೇಲಿಂದ ಅಹ್ಮದಸಾಬ ಕೂಗಿದ: "ಏ ಅಮಸಿದ್ದಣ್ಣ, ಹುಡುಗಿಗೆ ಹಂಗ ಅನಬ್ಯಾಡೋ!"

"ಬೈಸ್ಕೊಳ್ಳಾಕ ಕರದೇನಿ, ಬೈಲಿ ಬಿಡಪ್ಪಾ" ಎಂದಳು ಮಗಳು.

ಎರಡನೆಯ ಸಲ, ಮೊದಲ ಹಾಡು ಮುಗಿಯುವ ಮುನ್ನವೇ ಇನ್ನೊಂದನ್ನು ಎತ್ತಿದಳು. ನಡುವಿನ ಬರಿದು ಇಲ್ಲವಾಯಿತು. ಆದರೆ ಒಂದು ನಿಧಾನದ ಹಾಡು, ಇನ್ನೊಂದು ಓಟದ್ದು.

"ಎಮ್ಮಿ ಮ್ಯಾಲಿಂದ ಓಡೂ ಕುದರಿಗೆ ಜಿಗದಂಗ ಆತು. ಕುಣಿಯಾವ್ರ ಕಾಲ ಮುರೀತಾವ."

"ಹಂಗಾರ ಏನ ಮಾಡ್ಲಿ?"

"ಮೊದಲ ತಾಳದ ನಡಿ ಕೂಡೂ ಹಾಡ ಆರಿಸ್ಕೋ. ಡೊಳ್ಳಿನಾಗ ನಡಿ ಬದಲ ಮಾಡುವಾಗ ಎಡಗೈ ಹಳೇದನ್ನ ಹಿಡದಿರತೈತಿ, ಬಲಗೈ ಹೊಸಾದನ್ನ ಎತ್ತತೈತಿ. ಹೊಸಾದು ಕಾಲಿಗೆ ಹತ್ತೂ ತನಕ ಎಡಗೈ ಬಿಡಬಾರದು."

ಅವಳು ಖಾಲಿ ಎಣ್ಣೆ ಡಬ್ಬಿ ತಂದಿಟ್ಟಳು. "ಹೊಡದು ತೋರಸ್ರಿ."

"ನನ್ನ ಕೈ ಏಳೂದಿಲ್ಲ, ತಂಗಿ."

ಅವಳು ಒತ್ತಾಯ ಮಾಡಲಿಲ್ಲ. ಡಬ್ಬಿಯನ್ನು ಬದಿಗೆ ಸರಿಸಿ ರಿಕಾರ್ಡುಗಳನ್ನು ಎರಡು ಗುಂಪು ಮಾಡತೊಡಗಿದಳು. ಒಂದಕ್ಕೆ ಎಮ್ಮಿ ಎಂದು ಹೆಸರಿಟ್ಟಳು, ಇನ್ನೊಂದಕ್ಕೆ ಕುದರಿ. ಮದುವೆಯ ತನಕ ನಾನು ದಿನಾ ಹೋಗಿ ಕುಳಿತೆ. "ಹಳೇದನ್ನ ಲಗೂ ಬಿಟ್ಟಿ" ಎನ್ನುತ್ತಿದ್ದೆ. ಕಡೆಕಡೆಗೆ, "ಹ್ಞಾ, ಇದು" ಎನ್ನುವುದೂ ಇತ್ತು.

ಗುರಪ್ಪನ ಮನೆಯಲ್ಲಿ ಅಕ್ಷತೆ ಬಿದ್ದು ಜನ ಊಟಕ್ಕೆ ಕುಳಿತರು. ಹಾಡಿನಿಂದ ಹಾಡಿಗೆ ನೀರು ಹರಿದಂತೆ ಹೋಗುತ್ತಿತ್ತು. ಗುರಪ್ಪನ ತಲೆಯ ರುಮಾಲು ಹಾಡಿಗೆ ತಾನಾಗಿ ತೂಗುತ್ತಿತ್ತು. ಅಷ್ಟರಲ್ಲಿ ಕಟ್ಟಿದ್ದ ಕರು ಹಗ್ಗ ಬಿಚ್ಚಿಕೊಂಡು ಹಂದರದೊಳಗೆ ನುಗ್ಗಿತು. ಅದರ ಕಾಲಿಗೆ ಸಿಕ್ಕಿ ಬ್ಯಾಟರಿಯ ತಂತಿ ಕಿತ್ತುಬಂತು.

ಮೈಕು ನಿಂತಿತು.

ಎದುರು ಮನೆಯ ಮುದುಕಿ ಹೊಸ್ತಿಲಿಗೆ ಬಂದು, "ಯಾರ ಹೋದ್ರ ಯವ್ವಾ?" ಎಂದಳು. ಮಾದಲಿ ಬಡಿಸುತ್ತಿದ್ದ ಮದುಮಗಳ ತಾಯಿಯ ಮುಖ ಬಿಳಿಚಿಕೊಂಡಿತು. ಗುರಪ್ಪ ಎಲೆಯ ಮುಂದಿನಿಂದ ಎದ್ದ. ಕಾಸಿಂಬಿ ಮೊಣಕಾಲೂರಿ ತಂತಿ ಹುಡುಕುತ್ತಿದ್ದಳು.

ಮೆರವಣಿಗೆಗೆ ಬಂದವರ ಡೊಳ್ಳೊಂದು ಹಂದರದ ಕಂಬಕ್ಕೆ ಒರಗಿತ್ತು. ಬೀರಪ್ಪಾ, ನನ್ನ ಮನೆಯ ಮೌನ ಈ ಮನೆಗೆ ಬೇಡಪ್ಪ ಎಂದೆ. ಹಗ್ಗ ಕೊರಳಿಗೆ ಹಾಕಿಕೊಂಡೆ. ನಿಂತ ಹಾಡಿನ ನಡೆಯನ್ನು ಅಲ್ಲಿಂದಲೇ ಎತ್ತಿಕೊಂಡೆ. ಮೊದಲ ಪೆಟ್ಟುಗಳು ಒರಟಾಗಿ ಬಿದ್ದವು; ಆಮೇಲೆ ಕೈ ದಾರಿ ಹಿಡಿಯಿತು.

"ಯಾರೂ ಹೋಗಿಲ್ಲಬೇ ಆಯಿ, ಅಮಸಿದ್ದಪ್ಪ ಬಂದಾನ!" ಎಂದು ಪಂಕ್ತಿಯಿಂದ ಒಬ್ಬ ಕೂಗಿದ. ಜನ ನಕ್ಕರು.

ತಂತಿ ಕೂಡಿತು. ಕಾಸಿಂಬಿ ಅವಸರ ಮಾಡಲಿಲ್ಲ. ನನ್ನ ಕೈಯನ್ನೇ ನೋಡುತ್ತ ಎಮ್ಮಿಯ ಗುಂಪಿನಿಂದ ಒಂದನ್ನು ತೆಗೆದು, ಗುಂಡಿಯನ್ನು ಮೆಲ್ಲಗೆ ತಿರುಗಿಸಿದಳು. ಡೊಳ್ಳಿನ ಕೆಳಗಿನಿಂದ ಹಾಡು ಮೇಲೆ ಬಂತು.

ಗುರಪ್ಪ ಮತ್ತೆ ಎಲೆಯ ಮುಂದೆ ಕುಳಿತು, ಮಾದಲಿಗೆ ತುಪ್ಪ ಕೇಳಿದ. ನಾವು ಹೊರಡುವಾಗ, "ನಮ್ಮ ತಮ್ಮನ ಮಗನ ಮದುವಿಗೂ ನೀನ ಬಾರವ್ವಾ" ಎಂದ.

ಮರಳುವ ಚಕ್ಕಡಿಯಲ್ಲಿ ಅವಳು ಕೇಳಿದಳು: "ಇವತ್ತ ಏನೂ ಹೇಳಲಿಲ್ಲಲ್ಲ ಕಾಕಾ. ಹೆಂಗಾತ್ರಿ?"

"ನನ್ನ ಡೊಳ್ಳ ಯಾವಾಗ ನಿಂತಿತು, ನಿನ್ನ ಹಾಡ ಯಾವಾಗ ಸುರು ಆತು, ನನಗ ತಿಳೀಲಿಲ್ಲ ತಂಗಿ."

"ಬೈಯಾಕ ಏನೂ ಸಿಗಲಿಲ್ಲೇನ್ರಿ?"

"ಸಿಕ್ಕೈತಿ. ಮೊದಲ ಆ ಕರೂನ ಗಟ್ಟಿ ಕಟ್ಟಸಬೇಕಿತ್ತು."