ಎರಡು ಹಿಡಿಕೆಯ ಆಂಪು

ಗಿಟಾರಿನ ಸದ್ದು ಹಿಗ್ಗಿಸುವ ಪೆಟ್ಟಿಗೆ, ಆಂಪಿಗೆ ಐದು ತಿಂಗಳ ಸಂಬಳ. ಎರಡು ವರ್ಷಕ್ಕೊಮ್ಮೆ ಬದಲಿಸುವ, ಬಲ್ಬಿನಂಥ ಗಾಜಿನ ವಾಲ್ವುಗಳಿಗೆ ಪ್ರತಿ ಸಲವೂ ಅರ್ಧ ತಿಂಗಳದ್ದು. ಸೀಳಿಹೋದ ಒಂದು ಸ್ಪೀಕರಿಗೆ ಹತ್ತು ದಿನದ ಸಂಬಳ, ಮಳೆಯಲ್ಲಿ ಹೊದಿಸುವ ದಪ್ಪ ಮುಸುಕಿಗೆ ಎರಡು ದಿನದ್ದು. ಇಷ್ಟನ್ನು ದುಂಬಿ ಬೆರಳು ಮಡಿಸಿ ಹೇಳಬಲ್ಲಳು. ಕೊಳ್ಳುವಾಗ ಯಾರೂ ಹೇಳದೆ ಬಿಟ್ಟ ಲೆಕ್ಕ ಇನ್ನೊಂದಿತ್ತು: ಆ ಪೆಟ್ಟಿಗೆ ನಲವತ್ತಾರು ಕಿಲೋ ತೂಗುತ್ತಿತ್ತು, ಅದರ ಎರಡು ಬದಿಗೆ ಎರಡು ಹಿಡಿಕೆಗಳಿದ್ದವು, ದುಂಬಿಗೆ ಇದ್ದದ್ದು ಒಂದೇ ಮೈ.

ಹಗಲು ಅವಳು ಕಾರ್ಖಾನೆಯೊಂದರಲ್ಲಿ ಕನ್ನಡಕದ ಗಾಜು ಉಜ್ಜುತ್ತಾಳೆ. ಶುಕ್ರವಾರ, ಶನಿವಾರ ಸಂಜೆ ಒಂದು ನೃತ್ಯದ ಹಾಲಿನಲ್ಲಿ ವಾದ್ಯದವರ ಜೊತೆ ಬೇಸ್ ಗಿಟಾರ್ ನುಡಿಸುತ್ತಾಳೆ. ದುಂಬಿ ಎಂದು ಹೆಸರಿಟ್ಟವಳು ಅತ್ತಿಗೆ. ಅಣ್ಣನನ್ನು ಮದುವೆಯಾಗಿ ಎರಡನೇ ಮಹಡಿಗೆ ಬಂದ ಹೊಸದರಲ್ಲಿ, ಮೂರನೇ ಮಹಡಿಯಿಂದ ಇಳಿದುಬರುವ ಗುಂಯ್ ಸದ್ದು ಕೇಳಿ, "ಮೇಲೆ ದುಂಬಿ ಸಾಕಿದ್ದೀರಾ?" ಅಂದಿದ್ದಳು. ಹೆಸರು ಅಂಟಿಕೊಂಡಿತು.

ಅತ್ತಿಗೆಗೆ ಸಂಗೀತದ ಗಂಧಗಾಳಿ ಇರಲಿಲ್ಲ. ಅವಳು ಆಸ್ಪತ್ರೆಯ ಬಟ್ಟೆಗಳನ್ನು ಒಗೆಯುವಲ್ಲಿಗೆ ಸಾಗಿಸುವ ವ್ಯಾನಿನ ಚಾಲಕಿ. ಆದರೆ ವ್ಯಾನಿತ್ತು, ತೋಳಿನಲ್ಲಿ ಕಸುವಿತ್ತು. ಹದಿಮೂರು ವರ್ಷ ಆ ಪೆಟ್ಟಿಗೆಯ ಇನ್ನೊಂದು ಹಿಡಿಕೆ ಅವಳ ಕೈಯಲ್ಲಿತ್ತು. ಲಿಫ್ಟಿಲ್ಲದ ಕಟ್ಟಡ. ಇಳಿಯುವಾಗ ಅವಳು ಕೆಳಗೆ, ಹಿಮ್ಮುಖವಾಗಿ, ಮೆಟ್ಟಿಲು ಎಣಿಸುತ್ತ. ನುಡಿಸಿ ಮುಗಿದ ಮೇಲೆ ವಾಲ್ವುಗಳು ತಣ್ಣಗಾಗುವ ತನಕ ಪೆಟ್ಟಿಗೆಯನ್ನು ಅಲುಗಿಸುವಂತಿರಲಿಲ್ಲ, ಬಿಸಿಯಲ್ಲಿ ಕುಲುಕಿದರೆ ಒಳಗಿನ ಎಳೆಗಳು ಮುರಿಯುತ್ತವೆ. ಇಪ್ಪತ್ತು ನಿಮಿಷ ಕಾಯಬೇಕು. ಉಳಿದ ವಾದ್ಯದವರೆಲ್ಲ ಗಂಟುಮೂಟೆ ಕಟ್ಟಿ ಹೊರಟುಬಿಟ್ಟಿರುತ್ತಿದ್ದರು. ಇವರಿಬ್ಬರು ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಊರ ಸುದ್ದಿಯನ್ನೆಲ್ಲ ಆಡುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಅಣ್ಣನೂ ಅತ್ತಿಗೆಯೂ ಬೇರೆಯಾದರು. ತಪ್ಪು ಅಣ್ಣನದೇ ಹೆಚ್ಚು, ಅದು ದುಂಬಿಗೆ ಗೊತ್ತಿತ್ತು. ಅವಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಒಡಹುಟ್ಟಿದವನು, ಒಂದೇ ಮೆಟ್ಟಿಲು ಹತ್ತಿಳಿಯುವವನು. ಅತ್ತಿಗೆ ಎರಡು ಸೂಟ್‌ಕೇಸು ವ್ಯಾನಿಗೆ ಹಾಕಿಕೊಂಡು ಹೋದಳು, ಮತ್ತೆ ಬರಲಿಲ್ಲ.

ಆಮೇಲೆ ದುಂಬಿ ಪ್ರತಿ ಶುಕ್ರವಾರ ಒಬ್ಬೊಬ್ಬರ ಕಾಲು ಹಿಡಿದಳು. ಡ್ರಮ್ಮಿನವ ನಾಲ್ಕು ವಾರ ಹೊತ್ತು ಐದನೇ ವಾರ ಮೊಣಕೈ ನೋವೆಂದ. ಕೂಲಿಯವರು ಪೆಟ್ಟಿಗೆಯ ಮೂಲೆ ಮುಕ್ಕು ಮಾಡಿದರು. ಕೊನೆಗೆ ಅವಳ ಬೆನ್ನೇ ಮುಷ್ಕರ ಹೂಡಿತು. ಡಾಕ್ಟರಮ್ಮ ಎಕ್ಸ್‌ರೇ ತೆಗೆಸಿ ನೋಡಿ, ಸೊಂಟಕ್ಕೆ ಪಟ್ಟಿ ಕಟ್ಟಿಸಿ, ಹದಿನೈದು ಕಿಲೋ ಮೀರಿದ್ದನ್ನು ಮುಟ್ಟಬೇಡ ಎಂದರು.

ಹಗುರ ಆಂಪು ನೋಡಲು ಹೋದಾಗ ಅಂಗಡಿಯವನು, "ಹಳೇದನ್ನ ತನ್ನಿ ಅಕ್ಕ, ನೋಡಿ ಬೆಲೆ ಕಟ್ತೀನಿ. ಬೇಕಾದ್ರೆ ಎತ್ಕೊಂಡು ಬರೋಕೆ ಇಬ್ಬರನ್ನ ಕಳಿಸ್ಲಾ?" ಎಂದ.

"ಬೇಡ, ನಮ್ಮವರಿದ್ದಾರೆ," ಎಂದುಬಿಟ್ಟಳು ದುಂಬಿ. ಹೊರಗೆ ಬಂದ ಮೇಲೆ ತನ್ನ ಮಾತಿಗೆ ತಾನೇ ಕಕ್ಕಾಬಿಕ್ಕಿಯಾದಳು. ಪೆಟ್ಟಿಗೆ ಸಾಗಿಸಲು ಯಾರಾದರೂ ಆಗುತ್ತಿತ್ತು. ಅವಳಿಗೆ ಬೇಕಾಗಿದ್ದವಳು ಅತ್ತಿಗೆ, ಈ ಒಂದು ದಿನಕ್ಕಷ್ಟೇ ಅಲ್ಲ. ಕರೆಯಲು ಇದಕ್ಕಿಂತ ಒಳ್ಳೆಯ ನೆಪ ಮತ್ತೆ ಸಿಗುವಂತಿರಲಿಲ್ಲ.

ಭಾನುವಾರ ಬೆಳಿಗ್ಗೆ ವ್ಯಾನು ಬಂತು. ಅತ್ತಿಗೆಯ ಕೂದಲು ಕಿವಿಯ ಮೇಲೆ ನೆರೆತಿತ್ತು. ಬಾಗಿಲಲ್ಲೇ ನಿಂತು, "ಅವನಿದ್ದಾನಾ ಕೆಳಗೆ?" ಎಂದಳು.

"ಊರಲ್ಲಿಲ್ಲ. ನೋಡ್ಕೊಂಡೇ ಕರೆದೆ."

"ಹಾಗಾದ್ರೆ ಹಿಡಿ. ಏನು ಹಾಗೆ ನೋಡ್ತೀಯಾ, ಮುದುಕಿ ಆದ್ನಾ?"

"ನೀನಾ? ಈ ಪೆಟ್ಟಿಗೆಗಿಂತ ನೀನೇ ವಾಸಿ."

"ಅದಕ್ಕೆ ಬೆಲೆ ಕಟ್ಟೋರಿದ್ದಾರೆ. ನನಗೆ ಯಾರು ಕಟ್ತಾರೆ? ನಡಿ ನಡಿ."

ಕೈ ಮರೆತಿರಲಿಲ್ಲ. ಅತ್ತಿಗೆ ಹಿಮ್ಮುಖವಾಗಿ ಇಳಿಯತೊಡಗಿದಳು. "ಒಂದು, ಎರಡು, ಮೂರು..." ಎರಡನೇ ಮಹಡಿಯಲ್ಲಿ ಬಾಗಿಲು ಮುಚ್ಚಿತ್ತು, ಹೊರಗೆ ಅಣ್ಣನ ಹಳೆಯ ಬೂಟುಗಳಿದ್ದವು. ಒಂದರ ಲೇಸು ಬಿಚ್ಚಿ ನೆಲಕ್ಕೆ ಬಿದ್ದಿತ್ತು. ಅತ್ತಿಗೆ ಅದನ್ನು ಕಾಲಿನಿಂದ ಬದಿಗೆ ಸರಿಸಿದಳು. ಅಲ್ಲಿಂದ ಕೆಳಗೆ ಎಣಿಸಲಿಲ್ಲ. ಕೊನೆಯ ಮೆಟ್ಟಿಲು ಯಾವುದೆಂದು ತಿಳಿಯದೆ ದುಂಬಿ ಮುಗ್ಗರಿಸಿದಳು, ಬೆನ್ನಿನಲ್ಲಿ ಕೊಳ್ಳಿ ಇಟ್ಟಂತಾಯಿತು. ಹಲ್ಲು ಕಚ್ಚಿಕೊಂಡಳು.

ಅಂಗಡಿಯವನು ಆಂಪನ್ನು ಮೇಜಿನ ಪಕ್ಕ ಇಡಿಸಿ, ಸ್ವಿಚ್ಚು ಹಾಕಿ, ವಾಲ್ವು ಕಾಯುವವರೆಗೆ ಕಾದು, "ನುಡಿಸಿ" ಎಂದ. ದುಂಬಿ ದಪ್ಪ ತಂತಿಯನ್ನು ಮೀಟಿದಳು. ಅವನು ತಲೆ ವಾಲಿಸಿದ.

"ಅಕ್ಕ, ಇದರ ಹೊಟ್ಟೆ ಎಲ್ಲಿ ಹೋಯ್ತು?"

"ವಯಸ್ಸಾಯ್ತಲ್ಲ. ನಾಲ್ಕು ವರ್ಷದಿಂದ ಹೀಗೇ."

"ವಯಸ್ಸಾದ್ರೆ ದಪ್ಪ ಆಗಬೇಕು, ನನ್ನ ಹಾಗೆ," ಎನ್ನುತ್ತ ಅವನು ಆಂಪು ಆರಿಸಿ, ಹಿಂಬದಿ ಬಿಚ್ಚಿ, ಎರಡು ಸ್ಪೀಕರುಗಳ ತಂತಿಗಳನ್ನು ಆಂಪಿನ ಕಡೆಯಿಂದ ಕಳಚಿದ. ಜೇಬಿನಿಂದ ಒಂದು ಚೌಕ ಬ್ಯಾಟರಿ ತೆಗೆದು ಮೊದಲನೆಯದರ ತಂತಿಗಳಿಗೆ ಮುಟ್ಟಿಸಿದ. ಕಪ್ಪು ಕಾಗದದ ಬಟ್ಟಲು ಟಪ್ಪೆಂದು ಮುಂದಕ್ಕೆ ಉಬ್ಬಿತು. ಎರಡನೆಯದಕ್ಕೆ ಮುಟ್ಟಿಸಿದ. ಅದು ಹಿಂದಕ್ಕೆ ಸರಿಯಿತು.

"ನೋಡಿ. ತಂತಿಗಳು ಕೆಂಪಿಗೆ ಕಪ್ಪು, ಕಪ್ಪಿಗೆ ಕೆಂಪು. ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತೆ. ದಪ್ಪ ಸ್ವರ ಅವೆರಡರ ನಡುವೆನೇ ಸತ್ತುಹೋಗುತ್ತೆ. ಯಾರು ಮಾಡಿದ ಘನಕಾರ್ಯ ಇದು?"

"ನಾನೇ," ಎಂದಳು ದುಂಬಿ. "ಅದು ಸೀಳಿತ್ತು. ಹೊಸದು ತಂದು ಹಾಕಿದೆ."

"ನಾನು ಹೋದ ಮೇಲಾ?" ಎಂದಳು ಅತ್ತಿಗೆ.

"ನೀನು ಹೋದ ತಿಂಗಳಲ್ಲೇ."

ಮುಂಚೆ ಇಂಥ ಕೆಲಸವೆಲ್ಲ ಇಬ್ಬರದು. ಅತ್ತಿಗೆ ಟಾರ್ಚು ಹಿಡಿದು ಬಣ್ಣ ಹೇಳುವಳು, ದುಂಬಿ ಬೆಸೆಯುವಳು. ಆ ಸಲ ದುಂಬಿ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ತಾನೊಬ್ಬಳೇ ಬೆಸೆದಿದ್ದಳು. ಕಣ್ಣು ಒದ್ದೆಯಾಗಿ ಬಣ್ಣ ಸರಿಯಾಗಿ ಕಂಡಿರಲಿಲ್ಲ.

ಅಂಗಡಿಯವನಿಗೆ ಐದು ನಿಮಿಷ ಸಾಕಾಯಿತು. ದುಂಬಿ ಮತ್ತೆ ಮೀಟಿದಳು. ಸ್ವರ ನೆಲದ ಮೇಲೆ ಹರಡಿ, ಪಾದದಿಂದ ಹತ್ತಿ, ಹೊಟ್ಟೆಯಲ್ಲಿ ಬಂದು ಕೂತಿತು. ಅತ್ತಿಗೆ ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟಳು. ಕಿವಿಗಿಂತ ಅಂಗೈಯಲ್ಲೇ ಅವಳು ಯಾವಾಗಲೂ ಚೆನ್ನಾಗಿ ಕೇಳುತ್ತಿದ್ದದ್ದು.

ನಾಲ್ಕು ವರ್ಷ ದುಂಬಿ ಏನೇನೋ ಅಂದುಕೊಂಡಿದ್ದಳು. ಹಾಲಿನಲ್ಲಿ ತನ್ನದೆಂದು ಕೇಳುವವರಿಲ್ಲ, ಅದಕ್ಕೆ ನಾದ ಸೊರಗಿದೆ. ಮನಸ್ಸು ಸರಿಯಿಲ್ಲ, ಅದಕ್ಕೆ ಬೆರಳು ಓಡುತ್ತಿಲ್ಲ. ದುಃಖ ಎಂದುಕೊಂಡದ್ದರಲ್ಲಿ ಅರ್ಧ ಎರಡು ತಂತಿಗಳದ್ದು. ನಗು ಬಂತು. ಉಳಿದರ್ಧ ಎದುರಿಗೇ ನಿಂತಿತ್ತು, ಅಂಗೈ ಮರದ ಮೇಲಿಟ್ಟುಕೊಂಡು.

"ಈಗ ಇದನ್ನ ಮಾರ್ತೀರಾ?" ಎಂದ ಅಂಗಡಿಯವನು. "ಕೊಡೋದಾದ್ರೆ ಬೆಲೆ ಹೆಚ್ಚಿಗೆ ಹಾಕ್ತೀನಿ, ಸುಳ್ಳು ಹೇಳಲ್ಲ. ಆದ್ರೆ ಎತ್ತೋಕೆ ಜನ ಇದ್ರೆ ಇಂಥದ್ದನ್ನ ಕೊಡಬಾರದು. ತಣ್ಣಗಾಗಲಿ, ಯೋಚನೆ ಮಾಡಿ." ಅವನು ಒಳಗೆ ಹೋದ.

ಇಪ್ಪತ್ತು ನಿಮಿಷವಿತ್ತು. ಇಬ್ಬರೂ ಮೇಜಿನ ಅಂಚಿಗೆ ಆತು ನಿಂತರು.

"ಅತ್ತಿಗೇ, ಶುಕ್ರವಾರ ಸಂಜೆ ನಿನಗೆ ಬಿಡುವಿರುತ್ತಾ?"

ಅತ್ತಿಗೆ ಪೆಟ್ಟಿಗೆಯ ಮುಕ್ಕಾದ ಮೂಲೆಯನ್ನು ಬೆರಳಿನಿಂದ ಸವರಿದಳು. "ಇನ್ನೊಬ್ಬನ ಜೊತೆ ಮನೆ ಮಾಡ್ಕೊಂಡಿದ್ದೀನಿ, ಗೊತ್ತಾ? ಒಳ್ಳೆಯವನು. ಅಲ್ಲೂ ಒಬ್ಬ ನಾದಿನಿ ಇದ್ದಾಳೆ. ಹೊಲಿಗೆ ಮಿಷಿನ್ ಎತ್ತಿಸ್ತಾಳೆ."

"ನಾನು ಮಾಡಿದ್ದು ಅವಳೂ ಮಾಡ್ತಾಳೆ."

"ನಿನ್ನಷ್ಟು ಭಾರ ಎತ್ತಿಸಲ್ಲ." ಅತ್ತಿಗೆ ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. "ಬರಲ್ಲ ಕಣೇ. ಇವತ್ತು ಬಂದೆನಲ್ಲ, ಆ ಬೂಟು ನೋಡಿ ಎಣಿಕೆನೇ ಮರೆತೆ. ವಾರ ವಾರ ಆ ಬಾಗಿಲು ದಾಟೋಕೆ ನನ್ನ ಕೈಲಾಗಲ್ಲ."

"ಬೇರೆ ಕಡೆ ಇಡ್ತೀನಿ ಪೆಟ್ಟಿಗೇನ. ಹಾಲಿನಲ್ಲೇ ಬಿಡ್ತೀನಿ."

"ಪೆಟ್ಟಿಗೆ ಎಲ್ಲಿದ್ರೂ ನೀನು ಅವನ ತಂಗಿನೇ ಅಲ್ವಾ? ನಿನ್ನ ಮೂಗು ನೋಡಿದ್ರೆ ಅವನ ಮೂಗು ಕಾಣತ್ತೆ. ನಿನ್ನ ಮೇಲೆ ಕೋಪ ಇದೆ ಅಂತಲ್ಲ." ದುಂಬಿಯ ಕಡೆ ತಿರುಗಿ ಅಂದಳು, "ಇತ್ತು. ಆಗ ನೀನು ಒಂದು ಮಾತು ಆಡಬಹುದಿತ್ತು. ತಪ್ಪು ಅವಂದು ಅಂತ, ಅಷ್ಟೇ. ಅದಕ್ಕೆ ಕಾದೆ ನಾನು, ಒಂದು ವರ್ಷ."

"ತಪ್ಪು ಅವನದೇ," ಎಂದಳು ದುಂಬಿ.

"ಗೊತ್ತು. ಈಗ ಹೇಳಿದ್ದೂ ಒಳ್ಳೇದಾಯ್ತು."

ಅತ್ತಿಗೆ ಕೈಚಾಚಿ ದುಂಬಿಯ ಸೊಂಟದ ಪಟ್ಟಿಯನ್ನು ಬಟ್ಟೆಯ ಮೇಲಿಂದಲೇ ಮುಟ್ಟಿ ನೋಡಿದಳು. "ಮೆಟ್ಟಿಲಲ್ಲೇ ಗೊತ್ತಾಯ್ತು. ಬೆನ್ನು ಕಳ್ಕೊಂಡು ಯಾರಿಗೋಸ್ಕರ ಈ ಕಲ್ಲು ಇಟ್ಕೋತೀಯಾ? ಕೊಟ್ಟುಬಿಡು."

ಹಗುರ ಆಂಪುಗಳು ಎರಡಿದ್ದವು. ಒಂದು ಒಂಬತ್ತು ಕಿಲೋ. ಜೋರು ಮಾಡಿದರೆ ಅದಕ್ಕೆ ಉಬ್ಬಸ ಬರುತ್ತಿತ್ತು. ಇನ್ನೊಂದು ಹದಿನಾಲ್ಕು, ಹಾಲಿನ ಕೊನೆಗೆ ಮುಟ್ಟುವಷ್ಟು ಶಕ್ತಿಯಿತ್ತು, ಬೇಕಾದರೆ ಮುಂದೆ ಇನ್ನೊಂದು ಸ್ಪೀಕರ್ ಪೆಟ್ಟಿಗೆಯನ್ನು ಜೋಡಿಸಬಹುದಿತ್ತು. ಅತ್ತಿಗೆ ಅದನ್ನು ಒಂದೇ ಕೈಯಲ್ಲಿ ಎತ್ತಿ ತೂಗಿ, "ನನ್ನ ಊಟದ ಡಬ್ಬಿ ಇದಕ್ಕಿಂತ ಭಾರ," ಎಂದಳು. ದುಂಬಿ ಹದಿನಾಲ್ಕು ಕಿಲೋದ್ದನ್ನೇ ಆರಿಸಿದಳು. ಹಳೆಯದರ ಬೆಲೆ ಹೊಸದರ ಮುಕ್ಕಾಲಿಗೆ ಸಾಕಾಯಿತು. ಅಂಗಡಿಯವನು ಮಾತಿಗೆ ತಪ್ಪಲಿಲ್ಲ.

ವ್ಯಾನಿನ ಪಾಳಿಗೆ ಹೊತ್ತಾಗಿತ್ತು. ಬೀದಿಯಲ್ಲಿ ಅತ್ತಿಗೆ ಕಿಟಕಿಯಿಂದ ತಲೆ ಹೊರಹಾಕಿ, "ದುಂಬೀ, ಎತ್ತುವಾಗ ಮಂಡಿ ಬಗ್ಗಿಸು, ಬೆನ್ನಲ್ಲ," ಎಂದಳು. ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೂ ದುಂಬಿ ನೋಡಿದಳು. ಹೊಸ ಆಂಪನ್ನು ಕೈಯಲ್ಲಿ ಹಿಡಿದು ಮನೆಗೆ ನಡೆದೇ ಹೋದಳು. ಮೂರು ಮಹಡಿಯನ್ನು ಒಂದು ಕಡೆಯೂ ನಿಲ್ಲದೆ ಹತ್ತಿದಳು.

ಹೊಸ ಆಂಪಿನಲ್ಲಿ ವಾಲ್ವುಗಳಿಲ್ಲ, ತಣ್ಣಗಾಗಲೆಂದು ಕಾಯುವ ಅಗತ್ಯವಿಲ್ಲ. ಆರಿಸಿದ ತಕ್ಷಣ ಎತ್ತಿಕೊಂಡು ಹೊರಡಬಹುದು. ಈಗ ದುಂಬಿ ಉಳಿದ ವಾದ್ಯದವರ ಜೊತೆಯಲ್ಲೇ ಹಾಲಿನಿಂದ ಹೊರಬೀಳುತ್ತಾಳೆ. ಯಾರ ಕಾಲನ್ನೂ ಹಿಡಿಯುವುದಿಲ್ಲ. ಬೆನ್ನು ಉಳಿಯಿತು. ಹೇಳಬೇಕಾದ ಮಾತನ್ನು ಹೇಳಿದ್ದಾಯಿತು. ಅತ್ತಿಗೆ ಸಿಗಲಿಲ್ಲ.